ಗಡಿ ಬಲ್ಲವನ ಹೆಸರು

ಹಳೇ ಮೈಸೂರು ಸೀಮೆಯಲ್ಲಿ ಮನೆತನದ ಹೆಸರು ಅನ್ನೋದು ಅಪರೂಪ. ಇನಿಷಿಯಲ್ಲಿಗೆ ಊರು, ಅಪ್ಪ, ಆಮೇಲೆ ನಾವು. ಅಜ್ಜನ ಅಪ್ಪನನ್ನು ಹುಡುಕಿಕೊಂಡು ಕಂದಾಯದ ಕಡತಗಳಿಗೆ ಹೋದ ದಲಿತನಿಗೆ ಎದುರಾಗುವುದು ವಂಶವಲ್ಲ, ಚಾಕರಿ: ತೋಟಿ, ಕುಳವಾಡಿ, ನೀರಗಂಟಿ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಕಂಪನಿಯ ನೆರಳಲ್ಲಿ ಒಡೆಯರ ಆಳ್ವಿಕೆ ಮರಳಿತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ಬಂತು. ಅದು ವಂಶಪಾರಂಪರ್ಯದ ಕೊಡುಗೆ. ತೋಟಿಯ ಇನಾಂತಿ ತುಂಡೂ ತಲೆಮಾರಿನಿಂದ ತಲೆಮಾರಿಗೆ ಇಳಿಯುವಂಥದ್ದೇ. ಆದರೆ ಜಹಗೀರಿನೊಂದಿಗೆ ಗೌರವ ಇಳಿದು ಬಂದರೆ, ಇನಾಂತಿಯೊಂದಿಗೆ ಬಿಟ್ಟಿ ಓಡಾಟ ಇಳಿದು ಬಂತು. ಒಬ್ಬರ ಪದವಿ ಮನೆತನವಾಯಿತು, ಇನ್ನೊಬ್ಬರದು ಬೈಗುಳವಾಯಿತು.

ವಿಚಿತ್ರ ನೋಡಿ. ಊರ ಎಲ್ಲೆಯನ್ನು ಬಲ್ಲವನು ಈ ಕುಳವಾಡಿಯೇ. 1873ರ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಮೆಕೆಂಜಿ ಎಂಬ ಅಧಿಕಾರಿ ಇದನ್ನು ದಾಖಲಿಸಿದ್ದಾನೆ. ಗಡಿ ತಕರಾರು ಬಂದರೆ ಹೊಲೆಯನು ಊರ ಮಣ್ಣಿನ ಉಂಡೆಯನ್ನು, ನಡುವೆ ನೀರಿಟ್ಟು, ಹೊತ್ತು ಎಲ್ಲೆಯುದ್ದಕ್ಕೂ ನಡೆಯಬೇಕು. ತಪ್ಪಿ ನಡೆದರೆ ಉಂಡೆ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ ಎಂಬ ನಂಬಿಕೆ. ಊರಿಗೆ ಗಡಿ, ಅವನಿಗೆ ಪ್ರಾಣ! ಅಷ್ಟರಲ್ಲಿ, 1863ರಿಂದಲೇ, ಮೈಸೂರು ಸೀಮೆಗೆ ಸರ್ವೆ ಸರಪಳಿ ಬಂದಿತ್ತು. ಅವನ ಕಾಲಿಗೆ ಗೊತ್ತಿದ್ದದ್ದು ಕಾಗದಕ್ಕೆ ಹೋಯಿತು. ಕಾಗದ ಓದುವ ವಿದ್ಯೆ ಅವನ ಕೇರಿಗೆ ಬರಲಿಲ್ಲ.

ಇದು ಹಳೇ ಕಥೆ ಅಂತ ಬಿಡುವಂತಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಚಾಕರಿಯನ್ನು ತೆಗೆದು, ಹಣ ಕಟ್ಟಿದರೆ ಜಮೀನು ಮರುಮಂಜೂರು ಎಂದಿತು. ದಲಿತರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯಲು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. 2023ರ ತಿದ್ದುಪಡಿ ಕಾಲಮಿತಿಯ ಅಡ್ಡಿಯನ್ನೂ ತೆಗೆಯಿತು. ಆದರೆ 'ಮಂಜೂರಾದ ಭೂಮಿ'ಯ ವ್ಯಾಖ್ಯೆಯೊಳಗೇ ಒಂದು ಹೊರತು ಇದೆ: ವಂಶಪಾರಂಪರ್ಯ ಹುದ್ದೆಗಳ ಇನಾಂ ರದ್ದತಿಯಿಂದ ಬಂದದ್ದು ಅದರಲ್ಲಿ ಸೇರುವುದಿಲ್ಲ. ಅಂದ್ರೆ, ತೋಟಿ ಎಂಬ ಹೆಸರಿನಿಂದಲೇ ಸಿಕ್ಕ ನೆಲಕ್ಕೆ ಆ ಹೆಸರಿನಿಂದಲೇ ರಕ್ಷಣೆ ತಪ್ಪಿತು.

ಆದ್ದರಿಂದ ಕಡತಕ್ಕೆ ಕೈಹಾಕುವ ಗೆಳೆಯರು ಮನೆತನದ ಹೆಸರಿಗಾಗಿ ತಡಕಾಡುವುದಕ್ಕಿಂತ ಪಕ್ಕದವರ ಜಮೀನಿನ ಚಕ್ಕುಬಂದಿ ಓದಬೇಕು. 'ಪೂರ್ವಕ್ಕೆ ತೋಟಿ ಇನಾಂತಿ' ಎಂಬ ಒಂದು ಸಾಲು ಕಂಡರೂ ಸಾಕು, ಅದು ನಮ್ಮ ಶಾಸನ. ನಮ್ಮವರ ಹೆಸರು ಬರೆಯದವರೂ ತಮ್ಮ ಹೊಲದ ಗಡಿ ಹೇಳಲು ನಮ್ಮವರನ್ನು ಬರೆಯಲೇಬೇಕಾಗಿತ್ತು.