ಬಸ್ಸು: ಪ್ರಕೃತಿ ಹೋಗಿ ಪ್ರತ್ಯಯ ಉಳಿದ ಕಥೆ

ಇಂಗ್ಲಿಷಿನ ‘ಬಸ್’ ಎಂಬುದು ‘ಓಮ್ನಿಬಸ್’ನ ಮೊಟಕು ರೂಪ. ಲ್ಯಾಟಿನ್ನಿನಲ್ಲಿ ‘ಓಮ್ನಿಸ್’ ಎಂದರೆ ‘ಎಲ್ಲ’. ಅದರ ಚತುರ್ಥೀ ಬಹುವಚನ ‘ಓಮ್ನಿಬಸ್’, ಅಂದರೆ ‘ಎಲ್ಲರಿಗೆ’. ಸ್ವಾರಸ್ಯವಿರುವುದು ಕತ್ತರಿ ಬಿದ್ದ ಜಾಗದಲ್ಲಿ. ‘ಕ್ಯಾಬ್ರಿಯೋಲೆ’ಯಿಂದ ‘ಕ್ಯಾಬ್’ ಬಂದಾಗ ಪದದ ತಲೆ ಉಳಿಯಿತು. ‘ಕ್ಯಾರವಾನ್’ನಿಂದ ‘ವ್ಯಾನ್’ ಬಂದಾಗ ಬಾಲ. ಇಲ್ಲಿ ಪ್ರಕೃತಿ ಪೂರ್ತಿ ಉದುರಿ, ತನ್ನದೇ ಅರ್ಥವಿಲ್ಲದ ವಿಭಕ್ತಿ ಪ್ರತ್ಯಯವೊಂದೇ ನಾಮಪದವಾಗಿ ನಿಂತಿದೆ. ಕನ್ನಡದಲ್ಲಾದರೆ ‘ರಿಗೆ ಹತ್ತಿ ಊರಿಗೆ ಹೋದ’ ಎಂದ ಹಾಗೆ! ‘ಬಸ್ಸಿಗೆ ಕಾದೆ’ ಎನ್ನುವಾಗ ನಾವು ಲ್ಯಾಟಿನ್ ಚತುರ್ಥಿಯ ಮೇಲೆ ಕನ್ನಡದ ಚತುರ್ಥಿಯನ್ನೂ ಹೇರುತ್ತೇವೆ.

ಗಾಡಿಗೆ ಈ ಹೆಸರು ಬಂದದ್ದು ಫ್ರಾನ್ಸಿನ ನಾಂತ್ ನಗರದಲ್ಲಿ. ಅಲ್ಲಿ ಹಬೆಗಿರಣಿ ನಡೆಸುತ್ತಿದ್ದ ಸ್ತಾನಿಸ್ಲಾ ಬೋದ್ರಿ ಗಿರಣಿಯ ಬಿಸಿನೀರು ಬಳಸಿ ಸ್ನಾನಗೃಹ ತೆರೆದ. ಊರ ಹೊರಗಿನ ಆ ಜಾಗಕ್ಕೆ ಗಿರಾಕಿಗಳನ್ನು ಕರೆತರಲು 1826ರಲ್ಲಿ ಕುದುರೆಗಾಡಿ ಹೂಡಿದ. ಜನ ಗಾಡಿ ಹತ್ತಿದರು, ಆದರೆ ಸ್ನಾನಕ್ಕೆ ಹೋಗದೆ ನಡುದಾರಿಯಲ್ಲೇ ಇಳಿಯತೊಡಗಿದರು. ಬೋದ್ರಿಗೆ ಗಾಡಿಯೇ ಕಸುಬಾಯಿತು. 1828ರಲ್ಲಿ ಪ್ಯಾರಿಸ್ಸಿಗೂ ಅದನ್ನು ಒಯ್ದ. ಗಾಡಿ ನಿಲ್ಲುತ್ತಿದ್ದೆಡೆ ಓಮ್ನೆ ಎಂಬ ಟೋಪಿ ವ್ಯಾಪಾರಿಯ ಅಂಗಡಿಯಿತ್ತು, ಅದರ ಫಲಕದ ‘ಓಮ್ನೆಸ್ ಓಮ್ನಿಬಸ್’ ಎಂಬ ಶ್ಲೇಷೆಯೇ ಹೆಸರಿಗೆ ಮೂಲ ಎಂಬ ಕಥೆ ಜನಪ್ರಿಯ. ಕಥೆ ಸೊಗಸಾಗಿದೆ, ಅದಿಲ್ಲದಿದ್ದರೂ ವ್ಯುತ್ಪತ್ತಿಗೆ ಬಾಧಕವಿಲ್ಲ.

ಲಂಡನ್ನಿನಲ್ಲಿ ಜಾರ್ಜ್ ಶಿಲಿಬಿಯರ್ 1829ರ ಜುಲೈ 4ರಂದು ಪ್ಯಾಡಿಂಗ್ಟನ್‌ನಿಂದ ‘ಬ್ಯಾಂಕ್’ ಎಂಬ ಪ್ರದೇಶದವರೆಗೆ ಓಮ್ನಿಬಸ್ ಓಡಿಸಿದ. ಅಕ್ಕಪಕ್ಕ ಹೂಡಿದ ಮೂರು ಕುದುರೆ, 22 ಪ್ರಯಾಣಿಕರು. ಆ ಗಾಡಿಯನ್ನು ಕೆಲವರು ‘ಶಿಲಿಬಿಯರ್’ ಎಂದೇ ಕರೆದರು. ಆತ ದಿವಾಳಿಯೆದ್ದು ಶವಸಂಸ್ಕಾರದ ವಾಹನಗಳ ಉದ್ಯಮಕ್ಕೆ ಇಳಿದ ಮೇಲೆ ಆ ಹೆಸರು ಹೆಣದ ಗಾಡಿಗೆ ಅಂಟಿಕೊಂಡಿತು. 1832ರ ಹೊತ್ತಿಗೆ ‘ಬಸ್’ ಎಂಬ ಮೊಟಕು ರೂಪ ಬರಹಕ್ಕೆ ಬಂದಿತ್ತು. ಬಹುಕಾಲ ಅದರ ಮುಂದೆ ಲೋಪಚಿಹ್ನೆ ಹಾಕಿ ಬರೆಯುವುದು ವಾಡಿಕೆಯಾಗಿತ್ತು. ಏನೋ ಬಿಟ್ಟುಹೋಗಿದೆ ಎಂಬ ಅರಿವು ಬರೆಯುವವರಿಗೆ ಇನ್ನೂ ಇತ್ತು.

ಅರ್ಥ ಮಾತ್ರ ರಸ್ತೆಯಲ್ಲೇ ನಿಲ್ಲಲಿಲ್ಲ. ಅಮೆರಿಕದ ಹೋಟೆಲುಗಳಲ್ಲಿ ಎಂಜಲು ತಟ್ಟೆ ಎತ್ತುವ ‘ಬಸ್‌ಬಾಯ್’ ಮೂಲದಲ್ಲಿ ‘ಓಮ್ನಿಬಸ್’, ಅಂದರೆ ಎಲ್ಲ ಕೆಲಸಕ್ಕೂ ಒದಗುವ ಹುಡುಗ. ವಿದ್ಯುತ್ ಫಲಕದಲ್ಲಿ ಹಲವು ಮಾರ್ಗಗಳಿಗೆ ಒಟ್ಟಾಗಿ ವಿದ್ಯುತ್ ಹಂಚುವ ತಾಮ್ರದ ಪಟ್ಟಿ ‘ಬಸ್‌ಬಾರ್’. ಕಂಪ್ಯೂಟರಿನ ಭಾಗಗಳೆಲ್ಲ ಹಂಚಿಕೊಳ್ಳುವ ದತ್ತಾಂಶದ ಹಾದಿಗೆ ‘ಬಸ್’ ಎಂಬ ಹೆಸರು ಬಂದದ್ದು ಅಲ್ಲಿಂದ. ಮೊಬೈಲ್ ಚಾರ್ಜರಿನ ‘ಯುಎಸ್‌ಬಿ’ಯಲ್ಲಿರುವ ‘ಬಿ’ ಕೂಡ ಇದೇ ಬಸ್ಸು.