ನೆಲದಾಳದ ಅಧ್ಯಯನವೂ ಧನಸಹಾಯವೂ: ಬೆಟ್ಟಂಪಾಡಿಯಿಂದ ಒಂದು ಅವಲೋಕನ

ಪುತ್ತೂರು ತಾಲ್ಲೂಕಿನ ಬೆಟ್ಟಂಪಾಡಿಯಲ್ಲಿ ಬಾವಿ ತೋಡುವವನು ಮೊದಲು ಮುರಕಲ್ಲನ್ನೂ ಅದರ ಕೆಳಗೆ ಜೇಡಿಯನ್ನೂ ಕೊನೆಗೆ ಪಿಕ್ಕಾಸಿಗೆ ಬಗ್ಗದ ಕಠಿನ ಶಿಲೆಯನ್ನೂ ಕಾಣುತ್ತಾನೆ. ಅದಕ್ಕೂ ಆಳವನ್ನು ಅರಿಯಬೇಕಾದರೆ ಹಣ ಬೇಕು. ಹಣ ಕೊಡುವವರಿಗೆ ಒಂದು ಉದ್ದೇಶವಿರಬೇಕು. ಕಾರ್ಖಾನೆಗಳ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು, ಎಂದರೆ ಹಳೆಯ ಪಠ್ಯಪುಸ್ತಕಗಳ ಇಂಗಾಲಾಮ್ಲವನ್ನು, ಭೂಗರ್ಭದಲ್ಲಿ ಹುದುಗಿಸಿಡುವ ವಿಚಾರಕ್ಕೆ ಇಂದು ಧನಸಹಾಯ ಒದಗುತ್ತಿದೆ. ಇದಕ್ಕೆ ಮುನ್ನ ನಮ್ಮ ನಾಡಿನ ನೆಲವನ್ನು ಯಾರು, ಏತಕ್ಕಾಗಿ ಶೋಧಿಸಿದರೆಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಮುರಕಲ್ಲಿಗೆ ವಿಜ್ಞಾನದಲ್ಲಿ ಲ್ಯಾಟರೈಟ್ ಎಂಬ ಹೆಸರು ಬಂದುದು ಫ್ರಾನ್ಸಿಸ್ ಬುಕಾನನನ 1807ರ ಪ್ರವಾಸಗ್ರಂಥದಿಂದ. ಅವನು 1800-01ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿದುದು ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಂತೆ. ಟಿಪ್ಪುವಿನ ಪತನಾನಂತರ ಕೈಸೇರಿದ ನಾಡಿನ ಬೆಳೆ, ವ್ಯಾಪಾರಗಳನ್ನು ತಿಳಿಯುವುದಕ್ಕಾಗಿ. ಕಲ್ಲಿನ ಜ್ಞಾನವು ಆದಾಯದ ಜಿಜ್ಞಾಸೆಯೊಡನೆ ಬಂದ ಉಪಫಲವೆನ್ನಬೇಕು.

ಮುರಕಲ್ಲಿನ ತಳದಲ್ಲಿರುವ ಪ್ರಾಚೀನ ನೈಸ್ ಶಿಲೆಯಲ್ಲಿ ಇಂಗಾಲಾಮ್ಲಕ್ಕೆ ಎಡೆಯಿಲ್ಲ. ಆ ಅನಿಲವು ದ್ರವದಂತೆ ಸಾಂದ್ರವಾಗಲು ಸುಮಾರು 800 ಮೀಟರಿಗೆ ಮಿಕ್ಕ ಆಳ ಬೇಕು. ಅಲ್ಲಿ ಶಿಲೆಗೆ ರಂಧ್ರಗಳಿರಬೇಕು, ಮೇಲೆ ಸೋರದ ಹೊದಿಕೆಯಿರಬೇಕು. ನೈಸಿನಲ್ಲಿರುವುದು ಬಿರುಕುಗಳು ಮಾತ್ರ. ಆದರೆ ಇದೇ ಕರಾವಳಿಯ ಬಂಡೆಯನ್ನು ಕೊರೆದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಗುಹೆಗಳನ್ನು ಕೇಂದ್ರ ಸರಕಾರವು ನಿರ್ಮಿಸಿದೆ. ಸುತ್ತಣ ಅಂತರ್ಜಲದ ಒತ್ತಡವೇ ಅಲ್ಲಿ ತೈಲವನ್ನು ಹೊರಗೆ ಹೋಗಗೊಡದ ಗೋಡೆ. ಸುಡುವ ಮುನ್ನಿನ ಇಂಗಾಲಕ್ಕೆ ನಮ್ಮ ಕರಾವಳಿಯು ಹೀಗೆ ಆಶ್ರಯವಿತ್ತಿದೆ. ಸುಟ್ಟ ಮೇಲಿನದಕ್ಕೆ ಉತ್ತರ ಕರ್ನಾಟಕದತ್ತ ನೋಡಬೇಕು.

ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಬಹುಭಾಗವನ್ನು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಬಸಾಲ್ಟ್ ಶಿಲೆ ಆವರಿಸಿದೆ. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣಗಳೊಡನೆ ಬೆರೆತ ಇಂಗಾಲಾಮ್ಲವು ಕಾರ್ಬೊನೇಟಾಗಿ ಕಲ್ಲೇ ಆಗಬಲ್ಲದು. ಈ ಶತಮಾನದ ಮೊದಲ ದಶಕದಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಎನ್.ಟಿ.ಪಿ.ಸಿ. ಇವುಗಳ ನೆರವಿನಿಂದ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಈ ಸಾಧ್ಯತೆಯನ್ನು ಪರೀಕ್ಷಿಸತೊಡಗಿತು. ಭಾರತದ ಬಸಾಲ್ಟಿನಲ್ಲಿ ನೂರರಿಂದ ಮುನ್ನೂರು ಶತಕೋಟಿ ಟನ್ನುಗಳಷ್ಟು ಹಿಡಿಸಬಹುದೆಂಬ ಅಂದಾಜುಗಳು ಪ್ರಚಾರದಲ್ಲಿವೆ. ಒಂದಕ್ಕೂ ಮೂರಕ್ಕೂ ನಡುವಣ ಅಂತರವೇ ನಮ್ಮ ಅಜ್ಞಾನದ ಅಳತೆಯೆಂದು ಭಾವಿಸುತ್ತೇವೆ. 2022ರಲ್ಲಿ ಅದೇ ಇಲಾಖೆಯ ನೆರವಿನಿಂದ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರಾಷ್ಟ್ರೀಯ ಕೇಂದ್ರವೊಂದು ಏರ್ಪಟ್ಟಿತು; ಅದರ ಹೆಸರಿನಲ್ಲಿರುವುದು ಇಂಗಾಲದ ಹಿಡಿತ ಮತ್ತು ಬಳಕೆ, ಹುದುಗಿಸುವಿಕೆಯಲ್ಲ.

ಆಳದ ಪ್ರತ್ಯಕ್ಷಜ್ಞಾನವಾದರೋ ಬೇರೊಂದು ದಾರಿಯಿಂದ ಬಂದಿತು. 1993ರ ಸೆಪ್ಟೆಂಬರ್ 30ರಂದು ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಮಂದಿ ಸತ್ತರು. ಕಾರಣವನ್ನು ತಿಳಿಯಲೆಂದು ಅಲ್ಲಿ 617 ಮೀಟರ್ ಕೊರೆದಾಗ ಬಸಾಲ್ಟಿನ ದಪ್ಪ 338 ಮೀಟರ್ ಮಾತ್ರವೆಂದು ತಿಳಿಯಿತು. ಅದರ ಕೆಳಗೆ ತೆಳುವಾದ ಜಲಜಶಿಲೆಯ ಪದರ, ಬಳಿಕ ಪುರಾತನ ಸ್ಫಟಿಕೀಯ ಶಿಲೆ. ಜಲಾಶಯದ ನೀರಿನಿಂದ ಪ್ರೇರಿತವೆನ್ನಲಾದ 1967ರ ಕೊಯ್ನಾ ಭೂಕಂಪದ ಅಧ್ಯಯನಕ್ಕಾಗಿ ಮುಂದೆ ಕೊರೆದ ಬಾವಿಗಳಲ್ಲಿ ಅದೇ ಬಸಾಲ್ಟು 900 ಮೀಟರಿಗೂ ಮೀರಿತ್ತು. ಮೃತರ ಹೆಸರಿನಲ್ಲಿ ವ್ಯಯವಾದ ಹಣವು ಇಂಗಾಲದ ಲೆಕ್ಕಕ್ಕೂ ಒಂದು ಅಂಕೆಯನ್ನಿತ್ತಿತು: ಪಶ್ಚಿಮದಲ್ಲಿ ದಪ್ಪವಾದ ಬಸಾಲ್ಟು ಪೂರ್ವದ ಅಂಚಿನಲ್ಲಿ ತೆಳುವಾಗುತ್ತದೆ. ಬೀದರ, ಕಲಬುರಗಿಗಳು ಆ ಅಂಚಿಗೆ ಸೇರಿದವು. ವಿಸ್ತೀರ್ಣವನ್ನು ಮಾತ್ರ ಗುಣಿಸಿದರೆ ಲೆಕ್ಕ ತಪ್ಪುವುದು ಇಲ್ಲಿ.

ತೆಳುವಾದ ಬಸಾಲ್ಟಿಗೂ ಒಂದು ಉಪಾಯವುಂಟು. ಐಸ್‌ಲೆಂಡಿನ ಕಾರ್ಬ್‌ಫಿಕ್ಸ್ ಪ್ರಯೋಗದಲ್ಲಿ 2012ರಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ 400ರಿಂದ 800 ಮೀಟರ್ ಆಳಕ್ಕೆ ಇಳಿಸಿದರು. ಎರಡು ವರ್ಷದೊಳಗೆ ಅದರ ಶೇಕಡಾ 95 ಭಾಗ ಕಲ್ಲಾಯಿತೆಂದು 2016ರಲ್ಲಿ ವರದಿಯಾಯಿತು. ಅಮೆರಿಕದ ವಲ್ಲುಲಾದಲ್ಲಿ 2013ರಲ್ಲಿ ನೀರಿಲ್ಲದೆ ಸುಮಾರು 1000 ಟನ್ ಸಾಂದ್ರ ಅನಿಲವನ್ನು ಇಳಿಸಿದುದು 800 ಮೀಟರಿಗೂ ಕೆಳಗೆ. ಐಸ್‌ಲೆಂಡಿನ ವಿಧಾನಕ್ಕೆ ಒಂದು ಟನ್ ಇಂಗಾಲಾಮ್ಲಕ್ಕೆ ಸುಮಾರು 25 ಟನ್ ನೀರು ಬೇಕು. ವರ್ಷಕ್ಕೆ ಹತ್ತು ಲಕ್ಷ ಟನ್ನಿಗಾದರೆ ಎರಡೂವರೆ ಕೋಟಿ ಟನ್. ಐಸ್‌ಲೆಂಡಿಗೆ ಇದು ಭಾರವಲ್ಲ. ನಮ್ಮ ಬಸಾಲ್ಟ್ ಸೀಮೆಯಾದರೋ ಮಳೆ ಕಡಮೆಯಾದ ಸೀಮೆ. ಆ ಶಿಲೆಯ ಮೇಲ್ಪದರಗಳ ರಂಧ್ರಬಿರುಕುಗಳಲ್ಲಿರುವುದು ರೈತನ ಬಾವಿಯ ನೀರು. ಹುದುಗಿಸಿದ ದ್ರಾವಣ ಮೇಲಕ್ಕೆ ನುಸುಳಿದರೆ ಆ ಬಾವಿಗಳ ಗತಿಯೇನು, ನೀರನ್ನು ಯಾವ ಹೊಳೆಯಿಂದ ತರುವುದು, ಎಂಬಿವು ಅನಿಲದ ಪ್ರಮಾಣದಷ್ಟೇ ಮುಖ್ಯವಾದ ಪ್ರಶ್ನೆಗಳೆಂದು ನಮ್ಮ ಮತ. ಕಂಪನಿ, ಭೂಕಂಪ, ತೈಲ, ವಿದ್ಯುತ್ತು ಇವುಗಳ ಹೆಸರಿನಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಬಾವಿಯ ಒಡೆಯನ ಪ್ರಶ್ನೆ ಮೊದಲಿನದಾಗಿರಲಿಲ್ಲ.

ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್.ಟಿ.ಪಿ.ಸಿ.ಯ 2400 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವಿದೆ. ಅದು ನಿಂತಿರುವುದು ಬಸಾಲ್ಟಿನ ದಕ್ಷಿಣದ ಅಂಚಿಗೆ ಸಮೀಪವಾಗಿ. ಅದಕ್ಕೆ ನೀರು ಬರುವುದು ಆಲಮಟ್ಟಿಯಿಂದ. ಹೊಗೆಯೂ ಶಿಲೆಯೂ ನೀರೂ ಒಂದೆಡೆ ಕೂಡಿರುವ ಆ ಊರಿನಿಂದಲೇ ಮುಂದಿನ ಅಧ್ಯಯನವು ಆರಂಭವಾಗಬಹುದು. ಅದಕ್ಕೆ ಹಣವೀಯುವವರು ಕೊರೆಯುವ ಮೊದಲ ಬಾವಿಯೊಡನೆ ಸುತ್ತಣ ಹೊಲಗಳ ಬಾವಿಗಳನ್ನೂ ಅಳೆಯಬೇಕು.