ಪರಿಹಾರ ಕೊಡಿಸಿದ ಕತ್ತೆ
ದೇವಾಪುರದ ರೈತನೊಬ್ಬನ ಬೈಕಿಗೆ ಲಾರಿ ಡಿಕ್ಕಿ ಹೊಡೆಯಿತೆನ್ನಿ. ‘ತಪ್ಪು ನಮ್ಮದೂ ಇದೆ’ ಎಂದು ಮನೆಯವರು ಸುಮ್ಮನಾಗಬೇಕಿಲ್ಲ.

ಗಾಯಾಳುವಿನದು ತುಸು ತಪ್ಪಿದ್ದರೂ ಬಿಡಿಗಾಸಿಲ್ಲ ಎಂಬುದು ಹಿಂದೆ ಇಂಗ್ಲೆಂಡಿನ ನಿಯಮವಾಗಿತ್ತು. 1842ರಲ್ಲಿ ಅದನ್ನು ಸಡಿಲಿಸಿದ್ದು ಒಂದು ಕತ್ತೆ! ಮುಂಗಾಲು ಕಟ್ಟಿ ರಸ್ತೆಯಲ್ಲಿ ಬಿಟ್ಟದ್ದು ಮಾಲೀಕನ ತಪ್ಪು. ಆದರೂ ವೇಗವಾಗಿ ಬಂದ ಕುದುರೆಗಾಡಿಯವನು ಅಪಘಾತ ತಪ್ಪಿಸಬಹುದಿತ್ತೆಂದು ನ್ಯಾಯಾಲಯ ಪರಿಹಾರ ಕೊಡಿಸಿತು. 1945ರಲ್ಲಿ ತಪ್ಪನ್ನು ಪಾಲು ಹಾಕುವ ಕಾಯ್ದೆಯೇ ಬಂತು.

ಭಾರತದ ನ್ಯಾಯಾಲಯಗಳೂ ಈ ತತ್ವವನ್ನು ಒಪ್ಪಿವೆ. ನಷ್ಟ 1 ಲಕ್ಷ ರೂಪಾಯಿ, ಸ್ವಂತ ತಪ್ಪು ಶೇ. 25 ಎಂದಾದರೆ 75 ಸಾವಿರ ಸಿಗುತ್ತದೆ. ಅಪಘಾತ ಬೇರೆಡೆ ಆಗಿದ್ದರೂ ತನ್ನ ವಾಸಸ್ಥಳದ ನ್ಯಾಯಮಂಡಳಿಯಲ್ಲೇ ಅರ್ಜಿ ಸಲ್ಲಿಸಬಹುದು. ತಡಮಾಡಬಾರದಷ್ಟೆ: 2019ರ ತಿದ್ದುಪಡಿ 6 ತಿಂಗಳ ಗಡುವು ವಿಧಿಸಿದೆ.